ಅರ್ಧ ಇಂಚು

ಮಾರ್ಚ್ 3, ಸೋಮವಾರ

ಅಳತೆ ಪುಸ್ತಕದ ಹಿಂದಿನ ಹಾಳೆಗಳು ಖಾಲಿ ಇವೆ. ಮುಂದಿನ ಹಾಳೆಗಳಲ್ಲಿ ಗಿರಾಕಿಗಳ ಎದೆ, ಸೊಂಟ, ತೋಳು. ಇಲ್ಲಿ ನನ್ನದು. ಯಾರೂ ಓದುವುದಿಲ್ಲ. ನನ್ನನ್ನು ಕೇಳದೆ ಈ ಪುಸ್ತಕ ಮುಟ್ಟುವ ಧೈರ್ಯ ಇದ್ದದ್ದು ಮಗಳಿಗೊಬ್ಬಳಿಗೆ. ಅವಳು ತೀರಿಹೋಗಿ ಇಂದಿಗೆ ಎಂಬತ್ತೆರಡು ದಿನ.

ಮಧ್ಯಾಹ್ನ ಮಹಡಿಯವನು ಅಂಗಡಿಗೆ ಇಳಿದು ಬಂದ. ಮಗಳ ಗಂಡ. ಲಿಫ್ಟ್ ರಿಪೇರಿ ಮಾಡುವವನು. ನನ್ನನ್ನು ಕೇಳದೆ ಮದುವೆಯಾದರು. ಮೇಲಿನ ಕೋಣೆ ಕೊಟ್ಟೆ, ಮಾತು ಕೊಡಲಿಲ್ಲ. ನಾಲ್ಕು ವರ್ಷ ಏನಿದ್ದರೂ ಮಗಳ ಮೂಲಕವೇ. ಅವನು ಎದುರಿಗೇ ನಿಂತಿದ್ದರೂ "ನಲ್ಲಿ ಸರಿಯಾಗಿ ನಿಲ್ಲಿಸೋಕೆ ಹೇಳು ನಿನ್ನ ಗಂಡನಿಗೆ" ಎನ್ನುತ್ತಿದ್ದೆ. ಈಗ ನಡುವೆ ಯಾರೂ ಇಲ್ಲ. ಆದ್ದರಿಂದ ಮೇಜಿನ ಪಕ್ಕದ ಬೊಂಬೆಗೆ ಹೇಳುತ್ತೇನೆ. ಕೋಟು ತೊಡಿಸಿ ನೋಡುವ, ತಲೆ ಕೈ ಇಲ್ಲದ ಬಟ್ಟೆಯ ಬೊಂಬೆ. ಅವನೂ ಅದಕ್ಕೇ ಉತ್ತರ ಕೊಡುತ್ತಾನೆ. ಮೂವತ್ತು ವರ್ಷದಿಂದ ನಮ್ಮಲ್ಲಿ ಗುಂಡಿ ಹೊಲಿಯುವ ಗುಂಡಿಯಕ್ಕ ಇದನ್ನು ನೋಡಿ ಸೂಜಿ ಕಚ್ಚಿಕೊಂಡು ನಗು ತಡೆಯುತ್ತಾಳೆ.

ಇಂದು ಬೊಂಬೆಗೆ ಅವನು ಹೇಳಿದ್ದು: "ಕಂಪನಿ ನನ್ನನ್ನ ಬೇರೆ ಊರಿಗೆ ಹಾಕಿದೆ. ಈ ತಿಂಗಳ ಕೊನೆಗೆ ಹೊರಡ್ತೀನಿ ಅಂತ ಅತ್ತೆಯವರಿಗೆ ಹೇಳು. ಅವಳ ಲ್ಯಾಪ್‌ಟಾಪಿನಲ್ಲಿ ಒಂದು ಕೆಲಸ ಅರ್ಧಕ್ಕೆ ನಿಂತಿದೆ. ತೆರೆಯೋಕೆ ಹೋದ್ರೆ ಮೆಮೊರಿ ಸಾಲದು ಅಂತ ಬಂದು ಹಾಗೇ ನಿಂತುಹೋಗುತ್ತೆ. ಎಲ್ಲಾ ಥರದಲ್ಲೂ ನೋಡಿಬಿಟ್ಟೆ. ಇದು ಅವರ ಹತ್ರ ಇದ್ರೆ ಒಳ್ಳೇದು."

"ನಾನೇನು ಮಾಡಲಿ ಅದನ್ನ ಇಟ್ಕೊಂಡು ಅಂತ ಕೇಳು" ಎಂದೆ.

ಅವನು ಲ್ಯಾಪ್‌ಟಾಪಿನ ಪರದೆಯನ್ನು ನನ್ನ ಕಡೆ ತಿರುಗಿಸಿದ. ಆ ಕೆಲಸಕ್ಕೆ ಅವಳು ಇಟ್ಟಿದ್ದ ಹೆಸರು: ಅಮ್ಮನಿಗೆ.

ಮಾರ್ಚ್ 4, ಮಂಗಳವಾರ

ಬಟ್ಟೆಯ ಥಾನು ತರಲು ಮೇಲೆ ಹೋದಾಗ ಮೆಟ್ಟಿಲ ತಿರುವಿನ ಗೋಡೆಯಲ್ಲಿ ಎರಡು ಪೆನ್ಸಿಲ್ ಗೀಟು ಕಂಡವು. ಒಂದಕ್ಕಿಂತ ಇನ್ನೊಂದು ತಗ್ಗಿನಲ್ಲಿ. ಮಹಡಿಯವನದೇ ಇರಬೇಕು, ಗೂಡು ಹೊಡೆಯಲು ಗುರುತು ಹಾಕಿ ಬಿಟ್ಟಿದ್ದಾನೆ. ಎರಡು ಗೀಟು ಸಮವಾಗಿ ಎಳೆಯಲೂ ಬಾರದು. ಒದ್ದೆ ಬಟ್ಟೆಯಿಂದ ಕೆಳಗಿನದನ್ನು ಒರೆಸಿದೆ. ಅಷ್ಟರಲ್ಲಿ ಗಿರಾಕಿ ಕೂಗಿದರು.

ಆ ಹೆಸರು ಕಣ್ಣಿಂದ ಹೋಗುತ್ತಿಲ್ಲ. ಅದರೊಳಗೆ ಏನಿದೆ? ಕೊನೆಯ ಒಂಬತ್ತು ದಿನ ನಾವು ಮಾತಾಡಿರಲಿಲ್ಲ. ಬೈಗುಳವಿದ್ದರೂ ಇರಬಹುದು. ಇರಲಿ. ನನಗೆ ಬಿಟ್ಟುಹೋದದ್ದು ಬೈಗುಳವಾದರೂ ನನ್ನದೇ.

ಮಾರ್ಚ್ 6, ಗುರುವಾರ

ಗಿರಾಕಿಯ ಹಳೆಯ ಅಳತೆ ಹುಡುಕಲು ಪುಸ್ತಕ ತಿರುವುವಾಗ ನವೆಂಬರ್ ತಿಂಗಳ ಹಾಳೆಗಳಲ್ಲಿ ಮಗಳ ಅಕ್ಷರ ಸಿಕ್ಕಿತು. ಒಂದು ಪೂರ್ತಿ ಪುಟ, ನಮ್ಮ ಕ್ರಮದಲ್ಲೇ.

ಗಿರಾಕಿ: ನಾವೇ ಜೋಡಿಸುವ ಕಂಪ್ಯೂಟರ್. ಆಟಕ್ಕೂ ಆಗಬೇಕು, ರೆಂಡರಿಂಗ್‌ಗೂ ಆಗಬೇಕು.
ಎದೆ: ಪ್ರೊಸೆಸರ್, ಹದಿನಾರು ಕೋರ್.
ಭುಜ: ಮದರ್‌ಬೋರ್ಡ್. ಉಳಿದದ್ದೆಲ್ಲ ಇದರ ಮೇಲೇ ಕೂರಬೇಕು.
ತೋಳು: ರ್‍ಯಾಮ್ ಅರವತ್ತನಾಲ್ಕು, ಜೋಡಿ.
ಉದ್ದ: ಗ್ರಾಫಿಕ್ಸ್ ಕಾರ್ಡ್. ವೇಗ ಸ್ವಲ್ಪ ಕಡಿಮೆಯಾದರೂ ಸರಿ, ಮೆಮೊರಿ ಹದಿನಾರಕ್ಕೆ ಕಡಿಮೆ ಬೇಡ.
ಸೊಂಟ: ಪವರ್ ಸಪ್ಲೈ. ಇದರಲ್ಲಿ ಜುಗ್ಗತನ ಬೇಡ.
ಮೇಲಂಗಿ: ಕ್ಯಾಬಿನೆಟ್. ದೊಡ್ಡದೇ ಬೇಕು. ಗಾಳಿ ಆಡಬೇಕು.

ನನಗೆ ಅರ್ಥವಾಗಲಿ ಎಂದು ಹೀಗೆ ಬರೆದಿದ್ದಳು. ನಾನು ಆಗ ಓದಲೇ ಇಲ್ಲ. "ಹಿಂದಿನ ಕೋಣೆಯಲ್ಲಿ ಇಟ್ಕೋತೀನಿ ಅಮ್ಮಾ, ಇಸ್ತ್ರಿಗೆ ಹಾಕ್ಸಿರೋ ಗಟ್ಟಿ ಕರೆಂಟ್ ಲೈನ್ ಅಲ್ಲೇ ಇರೋದು" ಎಂದು ಕೇಳಿದಳು. "ಆಟದ ಪೆಟ್ಟಿಗೆಗೆ ನನ್ನ ಅಂಗಡಿಯಲ್ಲಿ ಜಾಗ ಇಲ್ಲ" ಎಂದೆ. ರೆಂಡರಿಂಗ್ ಅಂದರೆ ಗೆರೆಯಲ್ಲಿ ಮಾಡಿಟ್ಟದ್ದಕ್ಕೆ ಬಣ್ಣ, ಬೆಳಕು, ನೆರಳು ತುಂಬಿ ಚಿತ್ರವಾಗಿ ತೆಗೆಯುವುದು ಎಂದು ವಿವರಿಸಲು ಬಂದಳು. ಕತ್ತರಿ ಹಿಡಿಯದವಳ ಪುರಾಣ ನನಗೆ ಬೇಡ ಎಂದೆ. ಹದಿನೆಂಟಕ್ಕೆ ಕತ್ತರಿ ಕೆಳಗಿಟ್ಟು ಆ ಪರದೆಯ ಮುಂದೆ ಕೂತವಳು, ಆ ಸಿಟ್ಟು ನನ್ನಲ್ಲಿ ಆರಿರಲಿಲ್ಲ.

ಅವಳು ಹೇಳಿದ್ದು: "ನಿನ್ನ ಟೇಪಿಗೆ ಸಿಗದೇ ಇರೋದೆಲ್ಲ ನಿನಗೆ ಸುಳ್ಳು ಅಮ್ಮಾ."

ಒಂಬತ್ತು ದಿನದ ಮೇಲೆ ಬಸ್ ಸ್ಟಾಪಿನಲ್ಲಿ ಕುಸಿದಳು. ತಲೆಯೊಳಗೆ ರಕ್ತನಾಳ ಒಡೆದಿತ್ತು. ಮೂವತ್ತೊಂದು ವರ್ಷ.

ಪುಟವನ್ನು ಹರಿಯಲಿಲ್ಲ. ಮಡಚಿ ಗುರುತು ಮಾಡಿದೆ.

ಮಾರ್ಚ್ 8, ಶನಿವಾರ

ಪುಸ್ತಕವನ್ನೇ ಚೀಲದಲ್ಲಿಟ್ಟುಕೊಂಡು ಕಂಪ್ಯೂಟರ್ ಬಿಡಿಭಾಗ ಮಾರುವ ಅಂಗಡಿಗೆ ಹೋದೆ. ಯಾರಿಗೂ ಹೇಳಲಿಲ್ಲ. ಅಂಗಡಿಯವಳು ನಡುವಯಸ್ಸಿನ ಹೆಂಗಸು, ಕನ್ನಡಕ ಹಣೆಯ ಮೇಲೆ. ಮೊಮ್ಮಗನಿಗಾ ಎಂದು ಕೇಳಿದಳು.

"ನನಗೆ" ಎಂದೆ.

ಕನ್ನಡಕ ಕೆಳಗಿಳಿಯಿತು. "ಆಟಕ್ಕೋ, ರೆಂಡರಿಂಗ್‌ಗೋ?"

"ಎರಡಕ್ಕೂ."

"ಎರಡಕ್ಕೂ ಅಂದ್ರೆ ಕಷ್ಟ ಅಮ್ಮಾ. ಆಟದವರಿಗೆ ಓಡೋ ಕಾರ್ಡ್ ಬೇಕು, ರೆಂಡರಿಂಗ್‌ನವರಿಗೆ ಹೊರೋ ಕಾರ್ಡ್ ಬೇಕು. ಇದು ನೋಡಿ, ಓಡುತ್ತೆ. ಬಣ್ಣ ಬಣ್ಣದ ಲೈಟೂ ಇದೆ."

"ಮೆಮೊರಿ ಎಷ್ಟು?"

"ಎಂಟು."

"ಹದಿನಾರಕ್ಕೆ ಕಡಿಮೆ ಬೇಡ. ಲೈಟು ನನ್ನ ಮನೆಯಲ್ಲಿ ಬೇಕಾದಷ್ಟಿದೆ."

ಆಮೇಲೆ ಅವಳು ಕುರ್ಚಿ ಎಳೆದು ಕೊಟ್ಟಳು. ರ್‍ಯಾಮ್ ಈಗ ಒಂದು ಪಟ್ಟಿ ಹಾಕಿಸಿ, ಇನ್ನೊಂದನ್ನು ಮುಂದೆ ಯಾವಾಗಲಾದರೂ ತಗೊಳ್ಳಿ ಎಂದಳು. ಆಗುವುದಿಲ್ಲ ಎಂದೆ. ಎರಡು ತೋಳಿಗೆ ಬೇರೆ ಬೇರೆ ಥಾನಿನ ಬಟ್ಟೆ ಹಾಕಿದರೆ ಒಂದೇ ಬಣ್ಣವೆಂದು ಅಂಗಡಿಯಲ್ಲಿ ಆಣೆ ಮಾಡಿರುತ್ತಾರೆ, ಬಿಸಿಲಿಗೆ ಬಂದಾಗ ಬಂಡವಾಳ ಬಯಲಾಗುತ್ತದೆ. ಅವಳು ನಕ್ಕಳು. "ಸರಿಯಾಗಿ ಹೇಳಿದ್ರಿ. ಜೋಡಿ ಬೇರೆಯಾದ್ರೆ ಯಂತ್ರ ಮುನಿಸ್ಕೊಳ್ಳುತ್ತೆ. ಯಾರು ಹೇಳಿಕೊಟ್ರು?"

ಪುಟ ತೋರಿಸಿದೆ. ಅವಳು ಮೊದಲಿಂದ ಕೊನೆಯವರೆಗೆ ಓದಿ, "ಬಹಳ ಬುದ್ಧಿವಂತೆ. ಅವರನ್ನೂ ಕರ್ಕೊಂಡು ಬರಬಹುದಿತ್ತಲ್ಲ" ಎಂದಳು.

ಬಿಸಿಲು ಏರುತ್ತದೆ ಎಂದು ಹೇಳಿ ಎದ್ದು ಬಂದೆ.

ಮಾರ್ಚ್ 11, ಮಂಗಳವಾರ

ಇಂದು ಎಲ್ಲ ಆರಿಸಿದ್ದಾಯಿತು. ಪ್ರೊಸೆಸರ್ ನನ್ನ ಕೋಟಿನ ಗುಂಡಿಗಿಂತ ತುಸು ದೊಡ್ಡದು. ಇಷ್ಟು ಚಿಕ್ಕದಕ್ಕೆ ತಲೆಯ ಮೇಲೆ ಇಟ್ಟಿಗೆ ಗಾತ್ರದ ಕೂಲರ್ ಬೇರೆ. ಪವರ್ ಸಪ್ಲೈಯಲ್ಲಿ ಜುಗ್ಗತನ ಮಾಡಲಿಲ್ಲ.

ಕ್ಯಾಬಿನೆಟ್ ಒಂದರಲ್ಲಿ ಮಾತ್ರ ನನ್ನ ಕಣ್ಣನ್ನು ನಂಬಿದೆ. ಮಗಳು ಬರೆದಂಥದ್ದು ಹಸುವಿನ ಕರುವಿನಷ್ಟು ದೊಡ್ಡದು. ದೊಗಳೆ ಅಂಗಿಯ ಹಾಗೆ, ಎಲ್ಲೆಲ್ಲೂ ಖಾಲಿ. ಅದರ ಪಕ್ಕದಲ್ಲೇ ಇನ್ನೊಂದು ಇತ್ತು, ಕಪ್ಪು, ನೀಟು, ಮೈಗೆ ಕೂರುವಂಥದ್ದು. ಟೇಪು ತೆಗೆದೆ. ಒಳಗೆ ಹನ್ನೆರಡೂವರೆ ಇಂಚು. ಕಾರ್ಡಿನ ಉದ್ದ ಹನ್ನೆರಡು. ಅರ್ಧ ಇಂಚು ಬಿಡುವು, ಒಳ್ಳೆಯ ಫಿಟಿಂಗಿಗೆ ಇನ್ನೇನು ಬೇಕು?

"ಅಮ್ಮಾ, ಮುಂದಗಡೆ ಇನ್ನೂ..." ಎಂದು ಅಂಗಡಿಯವಳು ಬಾಯಿ ತೆರೆದಳು.

"ನಲವತ್ತೆಂಟು ವರ್ಷದಿಂದ ಅಳತೆ ತೆಗೀತಿದೀನಿ. ಕಟ್ಟಿಕೊಡು."

ಮಾರ್ಚ್ 14, ಶುಕ್ರವಾರ

ಪೆಟ್ಟಿಗೆಗಳು ಬಂದವು. ಕತ್ತರಿಸುವ ಮೇಜಿನ ಮೇಲೆ ಹರಡಿದೆ. ಗುಂಡಿಯಕ್ಕ ಬಾಯಿಗೆ ಕೈ ಇಟ್ಟುಕೊಂಡಳು. "ಇದೇನು ಅಮ್ಮಾವ್ರೆ, ಟೈಲರ್ ಅಂಗಡಿ ಮುಚ್ಚಿ ರಾಕೆಟ್ ಬಿಡ್ತೀರಾ?"

ಮಹಡಿಯವನು ಕೆಲಸದಿಂದ ಬಂದು ಬಾಗಿಲಲ್ಲೇ ನಿಂತ. ಮೇಜಿನ ಮೇಲೆ ತೆರೆದಿಟ್ಟ ಪುಟ ನೋಡಿದ. ಬಹಳ ಹೊತ್ತು ನೋಡಿದ. ಕೈ ತೊಳೆದು ಬಂದು ಸ್ಕ್ರೂ ಡ್ರೈವರ್ ತೆಗೆದ.

ಕೆಲಸ ಗೊತ್ತಿರುವ ಕೈ. ಇಲ್ಲ ಎನ್ನುವುದಿಲ್ಲ. ಪ್ರೊಸೆಸರನ್ನು ಮೊಟ್ಟೆಯಂತೆ ಎತ್ತಿ ಇಟ್ಟ. ಶಾಖಕ್ಕೆ ಹಚ್ಚುವ ಅಂಟು ಕಡಲೆಕಾಳಿನಷ್ಟು, ಹೆಚ್ಚಿಲ್ಲ ಕಡಿಮೆಯಿಲ್ಲ. ಸ್ಕ್ರೂಗಳನ್ನು ಒಂದೇ ಮೂಲೆಯಿಂದ ಬಿಗಿಮಾಡದೆ ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಮಾಡಿದ. ನಾನು ಕಾಲರ್ ಕೂರಿಸುವುದೂ ಹಾಗೆಯೇ. ಬೇರೆ ಡಬ್ಬಿಯಲ್ಲಿದ್ದ ಮೂರು ಫ್ಯಾನುಗಳನ್ನು ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಕೂರಿಸಿದ. ಕೊನೆಗೆ ಕಾರ್ಡ್ ಇಳಿಸಿದ.

ಇಳಿಯಲಿಲ್ಲ.

ಟೇಪು ಹಿಡಿದೆ. ಫ್ಯಾನು ಕೂತ ಮೇಲೆ ಉಳಿದದ್ದು ಹನ್ನೊಂದೂವರೆ. ಅರ್ಧ ಇಂಚು ಸಾಲದು. ನಾನು ಖಾಲಿ ಮೈಗೆ ಅಳತೆ ತೆಗೆದಿದ್ದೆ. ಒಳಗೆ ಏನೇನು ಕೂರುತ್ತದೆ, ಅದಕ್ಕೆಷ್ಟು ಜಾಗ ಬೇಕು ಎಂದು ಕೇಳಲೇ ಇಲ್ಲ. ಬಟ್ಟೆಯಾದರೆ ಅರ್ಧ ಇಂಚು ಎಳೆದರೆ ಬರುತ್ತದೆ.

ಅವನು ಬೊಂಬೆಗೆ ಹೇಳಿದ: "ಒಂದು ಫ್ಯಾನ್ ತೆಗೆದ್ರೆ ಕೂರುತ್ತೆ. ಆದರೆ ದಿನಗಟ್ಟಲೆ ಓಡಬೇಕಾದ ಯಂತ್ರ, ಉಸಿರು ಕಟ್ಟುತ್ತೆ. ಅವಳು ಅದಕ್ಕೇ ದೊಡ್ಡದು ಬರೆದಿದ್ದು."

ಗುಂಡಿಯಕ್ಕ ನನ್ನ ಮುಖ ನೋಡಲಿಲ್ಲ. ಅದೇ ಹೆಚ್ಚು ನೋಯಿಸಿತು.

ಮಾರ್ಚ್ 15, ಶನಿವಾರ

ಅಂಗಡಿ ತೆರೆಯಲಿಲ್ಲ. ತಲೆನೋವು ಎಂದು ಗುಂಡಿಯಕ್ಕನಿಗೆ ಹೇಳಿ ಕಳಿಸಿದೆ.

ಮಾರ್ಚ್ 17, ಸೋಮವಾರ

ಪೆಟ್ಟಿಗೆ ವಾಪಸ್ ಕೊಡಲು ಹೋಗಬೇಕಿತ್ತು. ಆಟೋ ಹಿಡಿಯಲು ಬೀದಿಗೆ ಬಂದರೆ ಅವನು ಆಗಲೇ ಅದನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ. ಅರ್ಧ ದಿನ ರಜೆಯಂತೆ. ಬೀದಿಯಲ್ಲಿ ಬೊಂಬೆ ಎಲ್ಲಿಂದ ಬರಬೇಕು?

"ನೀನ್ಯಾಕೆ ರಜೆ ಹಾಕೋಕೆ ಹೋದೆ?" ಎಂದೆ.

ಅವನು ಪೆಟ್ಟಿಗೆ ಬೀಳಿಸುವುದರಲ್ಲಿದ್ದ. "ಭಾರ ಇದೆ ಅತ್ತೆ. ಮೆಟ್ಟಿಲಿದೆ ಅಲ್ಲಿ."

ಅಂಗಡಿಯವಳ ಎದುರು, ತಪ್ಪು ನನ್ನದು, ದೊಡ್ಡದು ಕೊಡಿ ಎಂದೆ. ನನ್ನ ಬಾಯಿಂದ ಆ ಮಾತು ಬಂದು ಎಷ್ಟು ವರ್ಷವಾಯಿತೋ. ಅವಳು ಒಂದು ಮಾತೂ ಹಂಗಿಸಲಿಲ್ಲ. ಹೊರಡುವಾಗ, "ಜೋಡಿಸಿದ ಮೇಲೆ ಮೊದಲು ಅರ್ಧ ಗಂಟೆ ಏನಾದ್ರೂ ಆಟ ಆಡಿ ನೋಡಿ. ಬಿಸಿ ಎಷ್ಟಾಗುತ್ತೆ ಅಂತ ಗೊತ್ತಾಗುತ್ತೆ. ಆಮೇಲೆ ದೊಡ್ಡ ಕೆಲಸ ಕೊಡಿ" ಎಂದಳು.

ಬರುವಾಗ ಆಟೋದಲ್ಲಿ ಕೇಳಿದೆ, ಪಟ್ಟಿಯಲ್ಲಿ ಆಟಕ್ಕೆ ಎಂದು ಮೊದಲು ಬರೆದದ್ದು ಏಕೆ, ಅವಳ ಕೆಲಸ ರೆಂಡರಿಂಗ್ ಅಲ್ಲವೇ.

"ಆಟ ನನಗೆ" ಎಂದ. "ಸಂಜೆ ಇಬ್ಬರೂ ಆಡ್ತಿದ್ವಿ. ಹೆಡ್‌ಫೋನ್ ಹಾಕ್ಕೊಂಡು, ಬಾಯಿಗೆ ದಿಂಬು ಒತ್ಕೊಂಡು ನಗ್ತಿದ್ವಿ. ನಿಮಗೆ ಕೇಳಿಸಬಾರದು ಅಂತ."

ನನ್ನ ಮನೆಯಲ್ಲಿ ಮಗಳು ದಿಂಬಿನೊಳಗೆ ನಕ್ಕಳು. ನಾಲ್ಕು ವರ್ಷ.

ಮಾರ್ಚ್ 19, ಬುಧವಾರ

ಕಾರ್ಡ್ ಇಳಿಯಿತು. ಸುತ್ತಲೂ ಕೈ ಆಡುವಷ್ಟು ಜಾಗ. ತಂತಿಗಳನ್ನು ನಾನು ಕಟ್ಟಿದೆ. ಅವನು ಕಟ್ಟಿದ್ದು ಬುಟ್ಟಿಗೆ ಬಿದ್ದ ನೂಲಿನ ಉಂಡೆಯಂತಿತ್ತು. ಬಿಚ್ಚಿಸಿ, ಒಳಗಿನ ಹೊಲಿಗೆ ಹೊರಗಿನಷ್ಟೇ ಅಚ್ಚುಕಟ್ಟಾಗಿರಬೇಕು ಎಂದು ಹೇಳಿದೆ. "ಇವಳೂ ಹೀಗೇ ಬೈತಿದ್ದಳು" ಎಂದ.

ಗುಂಡಿಯಕ್ಕ ಬಂದವಳೇ, "ಬೊಂಬೆ ಎಲ್ಲಿ ಅಮ್ಮಾವ್ರೆ?" ಎಂದಳು.

ಜಾಗ ಸಾಲದೆ ಮೂಲೆಗೆ ಸರಿಸಿದ್ದೆ. ಅದರಲ್ಲಿ ನಗುವಂಥದ್ದು ಏನಿತ್ತೋ.

ಯಂತ್ರ ಮೊದಲ ಸಲಕ್ಕೇ ಉಸಿರಾಡಿತು. ಪರೀಕ್ಷೆಗೆ ಅವರ ಆಟ ಹಾಕಿದ. ಒಂದು ಬಯಲು, ಕೆರೆ, ಅರ್ಧ ಕಟ್ಟಿದ ಮನೆ. ಮನೆಯ ಮುಂದೆ ಹಳದಿ ಕೋಟಿನ ಒಂದು ಹೆಣ್ಣು ಕೈ ಇಳಿಬಿಟ್ಟು ನಿಂತಿತ್ತು. ಗಾಳಿಗೆ ಕೂದಲು ಅಲ್ಲಾಡುತ್ತಿತ್ತು.

"ಇದು ಇವಳು" ಎಂದ. "ಡಿಸೆಂಬರ್‌ನಿಂದ ಇಲ್ಲೇ ನಿಂತಿದ್ದಾಳೆ. ಇಟ್ಟಿಗೆ ತರ್ತೀನಿ ಇರು ಅಂತ ಹೇಳಿ ನಾನು ಮಲಗಿಬಿಟ್ಟೆ."

ಅವನು ಅವಳನ್ನು ಅಲುಗಿಸಲಿಲ್ಲ. ಆಟದಲ್ಲಿ ತಾನಾಗಿದ್ದ ಗಂಡಸನ್ನು ನಡೆಸಿಕೊಂಡು ಬಂದು ಪಕ್ಕದಲ್ಲಿ ನಿಲ್ಲಿಸಿದ. ಅರ್ಧ ಗಂಟೆ ನಾವು ಅದನ್ನೇ ನೋಡುತ್ತ ಕೂತೆವು. ಯಂತ್ರ ಬಿಸಿಯಾಗಲಿಲ್ಲ.

ಮಾರ್ಚ್ 20, ಗುರುವಾರ

ಬೆಳಗ್ಗೆ ಲ್ಯಾಪ್‌ಟಾಪಿನ ಕೆಲಸವನ್ನು ಹೊಸದಕ್ಕೆ ಹಾಕಿದ. ತೆರೆದುಕೊಂಡಿತು. ನನಗೆ ಕಂಡದ್ದು ಬರೀ ಬೂದು ಗೆರೆಗಳ ಬಲೆ.

"ಹೀಗೇ ನೋಡ್ತೀರಾ?" ಎಂದ.

"ಕಚ್ಚಾ ಹೊಲಿಗೆಯಲ್ಲಿರೋದನ್ನ ನಾನು ಗಿರಾಕಿಗೂ ತೋರಿಸಲ್ಲ. ಮುಗಿಯಲಿ."

ಇನ್ನೂರ ನಲವತ್ತು ಚಿತ್ರ ತೆಗೆಯಬೇಕಂತೆ, ಒಂದರ ಹಿಂದೊಂದು ಓಡಿಸಿದರೆ ಸಿನಿಮಾದ ಹಾಗೆ ಚಲಿಸುತ್ತದಂತೆ. ಒಂದೊಂದಕ್ಕೆ ಹನ್ನೊಂದು ನಿಮಿಷ. ಒಂಬತ್ತು ಗಂಟೆಗೆ ಶುರು. ಪರದೆಗೆ ಬಿಳಿ ಬಟ್ಟೆ ಹೊದಿಸಿದೆ, ಎಣಿಕೆಯ ಮೂಲೆಯಷ್ಟು ಬಿಟ್ಟು.

ಮಾರ್ಚ್ 21, ಶುಕ್ರವಾರ

ಸಂಜೆ ನಾಲ್ಕಕ್ಕೆ ನೂರ ಅರವತ್ತೊಂಬತ್ತು.

ಒಂದು ಪ್ಯಾಂಟಿನ ಕಾಲು ಮಾತ್ರ ಕತ್ತರಿಸಿದೆ. ಅದೂ ತಪ್ಪಾಯಿತು.

ಮಾರ್ಚ್ 22, ಶನಿವಾರ

ನೋಡಿದೆ.

ಹತ್ತು ಸೆಕೆಂಡು. ಎರಡು ದಿನ ದುಡಿದು ಹತ್ತು ಸೆಕೆಂಡು. ನಲವತ್ತಕ್ಕೂ ಹೆಚ್ಚು ಸಲ ನೋಡಿರಬೇಕು.

ಕಡು ನೀಲಿ ಉಣ್ಣೆಯ ಉದ್ದ ಕೋಟು ಮೇಲಿನಿಂದ ಇಳಿದು ಬರುತ್ತದೆ. ಬಟ್ಟೆ ಬೀಳುವ ರೀತಿಯೇ ಬೀಳುತ್ತದೆ, ಭಾರವಾಗಿ, ಮಡಿಕೆ ಮಡಿಕೆಯಾಗಿ. ತಲೆಯಿಲ್ಲದ ಒಂದು ಮೈಯ ಮೇಲೆ ಕೂರುತ್ತದೆ. ಆಮೇಲೆ ನಿಧಾನವಾಗಿ ಬೆನ್ನು ತಿರುಗಿಸುತ್ತದೆ. ಮಾದರಿ ನನ್ನದು. ನಾನು ಕಂದು ಕಾಗದದಲ್ಲಿ ಕತ್ತರಿಸಿದ ಕೋಟು, ಹೊಲಿಗೆಯ ಪ್ರತಿ ತಿರುವೂ ನನ್ನದು.

ಆ ಬೆನ್ನೂ ನನ್ನದು. ಬಲಭುಜ ಅರ್ಧ ಇಂಚು ತಗ್ಗು.

ಭಾರದ ಕತ್ತರಿ ಹಿಡಿದು ಹಿಡಿದು ಇಳಿದ ಭುಜ ಅದು. ನನ್ನ ಎಲ್ಲ ಅಂಗಿಗಳ ಬಲಗಡೆ ನಾನೇ ಕದ್ದು ಪ್ಯಾಡ್ ಹೊಲಿದುಕೊಳ್ಳುತ್ತೇನೆ. ಗುಂಡಿಯಕ್ಕನಿಗೂ ಗೊತ್ತಿಲ್ಲ. ನನ್ನ ಮೈಗೆ ಯಾರಿಗೂ ಟೇಪು ಹಿಡಿಯಲು ಬಿಟ್ಟವಳಲ್ಲ. ಈ ಕೋಟಿನಲ್ಲಿ ಪ್ಯಾಡ್ ಇಲ್ಲ. ಅವಳು ಮಾದರಿಯ ಭುಜದ ಗೆರೆಯನ್ನೇ ಬಲಗಡೆ ಅರ್ಧ ಇಂಚು ಇಳಿಸಿ ಕತ್ತರಿಸಿದ್ದಾಳೆ. ಕೊರಳಲ್ಲಿ ಒಂದು ಸುಕ್ಕಿಲ್ಲ. ಹಾಗೆ ಇಳಿಸಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಕತ್ತರಿ ಹಿಡಿಯದವಳು ಎಂದಿದ್ದೆ.

"ಅಳತೆ ಎಲ್ಲಿ ಸಿಕ್ಕಿತು ಇವಳಿಗೆ?" ಎಂದೆ.

"ಮೆಟ್ಟಿಲ ತಿರುವಲ್ಲಿ ನೀವು ಗೋಡೆಗೆ ಒರಗಿ ಸುಧಾರಿಸ್ಕೋತೀರಲ್ಲ ಅತ್ತೆ. ನೀವು ಆ ಕಡೆ ಹೋದ ತಕ್ಷಣ ಓಡಿ ಬಂದು ಪೆನ್ಸಿಲಲ್ಲಿ ಗುರುತು ಹಾಕ್ತಿದ್ದಳು. ಎರಡು ಭುಜಕ್ಕೆ ಎರಡು. ಕಡಿಮೆ ಅಂದ್ರೆ ಹತ್ತು ಸಲ ಸರಿ ನೋಡಿದಾಳೆ."

ಗುಂಡಿಯಕ್ಕ ಪರದೆಯ ಹತ್ತಿರ ಮುಖ ಇಟ್ಟು ನೋಡಿದಳು. "ಗುಂಡಿ ಇಟ್ಟಿಲ್ಲ ಅಮ್ಮಾವ್ರೆ. ನೋಡಿ, ಕಾಜಾ ಇದೆ, ಗುಂಡಿ ಇಲ್ಲ. ನನಗೆ ಬಿಟ್ಟಿದಾಳೆ ಕಳ್ಳಿ, ನನಗೆ ಬಿಟ್ಟಿದಾಳೆ" ಎಂದು ನೆಲದ ಮೇಲೆ ಕೂತುಬಿಟ್ಟಳು.

ನಾನು ಮೆಟ್ಟಿಲ ತಿರುವಿಗೆ ಹೋದೆ. ಎಡಭುಜದ ಗೀಟು ಇದೆ. ಬಲಭುಜದ್ದನ್ನು ನಾನೇ ಒರೆಸಿದ್ದೇನೆ. ಒರೆಸಿದ ಕಡೆ ಸುಣ್ಣ ಸ್ವಲ್ಪ ಬೆಳ್ಳಗಿದೆ, ಅಷ್ಟೆ. ಅಲ್ಲಿ ಒರಗಿ ನಿಂತೆ. ಎಷ್ಟು ಹೊತ್ತು ನಿಂತೆನೋ. ಅವನು ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದ. ಪೆನ್ಸಿಲ್ ಬೇಕಾ ಎಂದು ಕೇಳಿದ. ಬೇಡ ಎಂದೆ. ಅವಳು ಎಳೆದದ್ದಾಗುವುದಿಲ್ಲ.

ಮಾರ್ಚ್ 26, ಬುಧವಾರ

ನನ್ನ ಬೂದು ಅಂಗಿಯ ಬಲಗಡೆಯ ಪ್ಯಾಡ್ ಬಿಚ್ಚಿದೆ. ಸೆಖೆ.

ಮಾರ್ಚ್ 29, ಶನಿವಾರ

ಸೋಮವಾರ ಹೊರಡುತ್ತಾನೆ. ಯಂತ್ರ ಹಿಂದಿನ ಕೋಣೆಯಲ್ಲೇ ಇರಲಿ ಎಂದ, ಗಟ್ಟಿ ಕರೆಂಟ್ ಲೈನ್ ಅಲ್ಲೇ ಇರುವುದು. ಆಟದಲ್ಲಿ ಮನೆಯ ಮುಂದೆ ನಿಂತ ಆ ಇಬ್ಬರನ್ನು ಆರಿಸದೆ, ಹಾಗೇ ಉಳಿಸುವುದು ಹೇಗೆಂದು ತೋರಿಸಿಕೊಟ್ಟ.

ಅಳತೆ ಬರೆಯುವುದು ಪುಸ್ತಕದ ಮುಂದಿನ ಹಾಳೆಗಳಲ್ಲಿ. ಕೈತಪ್ಪಿ ಇಲ್ಲೇ ಬರೆದಿದ್ದೇನೆ, ಇರಲಿ.

ಅಳಿಯ.
ಎದೆ ಮೂವತ್ತೆಂಟು. ಸೊಂಟ ಮೂವತ್ತೆರಡು, ಮೊದಲು ಇನ್ನೂ ಹೆಚ್ಚಿದ್ದಿರಬೇಕು. ತೋಳು ಇಪ್ಪತ್ತನಾಲ್ಕೂವರೆ.
ಎಡಭುಜ ಕಾಲು ಇಂಚು ತಗ್ಗು, ಉಪಕರಣದ ಚೀಲ ಹೊತ್ತು. ಪ್ಯಾಡ್ ಇಡಬಾರದು. ಗೆರೆಯಲ್ಲೇ ಇಳಿಸಬೇಕು.
ಬಟ್ಟೆ: ಕಡು ನೀಲಿ ಉಣ್ಣೆ. ಕಾಜಾ, ಗುಂಡಿ: ಗುಂಡಿಯಕ್ಕ.
ಟ್ರಯಲ್: ನನ್ನ ಕೋಟಿಗೆ ಒಂದೇ ಟ್ರಯಲ್ ಸಾಕೆಂದು ಊರೆಲ್ಲ ಹೇಳುತ್ತದೆ. ಇವನದಕ್ಕೆ ಮೂರು ಬೇಕಾಗುತ್ತದೆ ಎಂದು ಹೇಳಿದ್ದೇನೆ. ಮೊದಲನೆಯದು ಏಪ್ರಿಲ್ ಎರಡನೇ ಭಾನುವಾರ.